ಉದ್ವಾಡಾಕ್ಕೆ ಹೊರಟವರಿಗೆ: ಬೆಂಕಿ ಕಾಣದು, ಊಟ ಬಿಡಬೇಡಿ

ಪಾರ್ಸಿಗಳ ಪವಿತ್ರ ಬೆಂಕಿ ಉರಿಯುವ ಉದ್ವಾಡಾದ ಇರಾನ್‌ಷಾ ಅಗ್ನಿಮಂದಿರದೊಳಗೆ ಪಾರ್ಸಿಗಳಲ್ಲದವರನ್ನು ಬಿಡುವುದಿಲ್ಲ. ದುಡ್ಡು ಕೊಟ್ಟರೂ ಇಲ್ಲ, ಶಿಫಾರಸು ತಂದರೂ ಇಲ್ಲ. ಅಷ್ಟು ದೂರದಿಂದ ಬಂದಿದ್ದೇವೆ ಎಂದು ಗೇಟಿನಲ್ಲಿ ಗೋಗರೆಯುತ್ತಿದ್ದವರನ್ನು ನೋಡಿ ನಮಗೇ ಮುಜುಗರವಾಯಿತು. ಇದನ್ನು ಒಪ್ಪುವವರು ಮಾತ್ರ ದಕ್ಷಿಣ ಗುಜರಾತಿನ ಈ ಹಳ್ಳಿಗೆ ಟಿಕೆಟ್ ತೆಗೆಯಿರಿ.

ದೂರದ ಗಾಡಿಗಳಲ್ಲಿ ಹೆಚ್ಚಿನವು ಇಲ್ಲಿ ನಿಲ್ಲುವುದಿಲ್ಲ, ವಾಪಿಯಲ್ಲಿ ಇಳಿಯಬೇಕು. ಅಲ್ಲಿ ಹಿಡಿದ ಆಟೊದವನು ಮೊದಲೇ ಮಾತಾಡಿ ಒಪ್ಪಿದ್ದರೂ, ಊರು ಬಂದಾಗ ‘ಮಂದಿರದ ತನಕ ಅಂದ್ರೆ ಬೇರೆ ರೇಟು’ ಅಂತ ಇನ್ನೂರು ರೂಪಾಯಿ ಹೆಚ್ಚು ಕಿತ್ತುಕೊಂಡ. ಮೆಜೆಸ್ಟಿಕ್ಕಿನ ಆಟೊದವರ ಮೇಲೆ ಗೌರವ ಬಂತು. ವಾಪಿಯಿಂದ ಪ್ಯಾಸೆಂಜರ್ ಗಾಡಿ ಹತ್ತಿ ಉದ್ವಾಡಾ ಸ್ಟೇಷನ್ನಿಗೇ ಬನ್ನಿ, ಅಲ್ಲಿಂದ ಊರು ಏಳೆಂಟು ಕಿಲೋಮೀಟರ್ ಅಷ್ಟೇ. ರೂಮನ್ನೂ ಕಣ್ಣಾರೆ ನೋಡಿಯೇ ದುಡ್ಡು ಕೊಡಿ. ಸಮುದ್ರ ಕಾಣುತ್ತೆ ಅಂತ ನಮಗೆ ಕೊಟ್ಟ ರೂಮಿನ ಕಿಟಕಿಗೆ ಕಂಡದ್ದು ಪಕ್ಕದ ಮನೆಯ ನೀರಿನ ಟ್ಯಾಂಕು.

ಮತ್ತೆ ಯಾಕೆ ಹೋಗಬೇಕು? ಮೊದಲನೆಯದು, ಬೆಳಗಿನ ಹಾಲಿನ ನೊರೆ, ಅಲ್ಲಿಯವರು ಹೇಳುವ ‘ದೂಧ್ ನಾ ಪಫ್’. ಸಕ್ಕರೆ ಹಾಕಿ ಕಾಯಿಸಿದ ಹಾಲನ್ನು ರಾತ್ರಿಯಿಡೀ ಇಬ್ಬನಿಯಲ್ಲಿಟ್ಟು, ಬೆಳಗಿನ ಜಾವ ಕಡೆದು, ನೊರೆಯನ್ನಷ್ಟೇ ಗ್ಲಾಸಿಗೆ ತುಂಬಿ, ಮೇಲೆ ಏಲಕ್ಕಿ, ಜಾಯಿಕಾಯಿ ಪುಡಿ ಉದುರಿಸುತ್ತಾರೆ. ಚಳಿಗಾಲ ಬಿಟ್ಟರೆ ಸಿಗದು, ಬಿಸಿಲೇರಿದರೆ ಇಳಿದುಹೋಗುತ್ತದೆ. ಮಧ್ಯಾಹ್ನಕ್ಕೆ ಹಳೇ ಮನೆಯೊಂದರ ಜಗಲಿಯಲ್ಲಿ ಊಟ: ಗರಿಗರಿಯಾಗಿ ಹುರಿದ ಬೋಯಿ ಮೀನು, ಬೇಳೆ-ಮಾಂಸ ಬೇಯಿಸಿದ ಧನ್‌ಸಾಕ್, ಕಡೆಗೆ ಹಾಲು-ಮೊಟ್ಟೆಯ ಸಿಹಿ ಲಗನ್ ನು ಕಸ್ಟರ್ಡ್. ಬಡಿಸುವ ಅಜ್ಜಿ ‘ಇನ್ನೊಂದು ಹಾಕ್ಕೋ ಮಗಾ’ ಅಂತ ಗುಜರಾತಿಯಲ್ಲಿ ಗದರುತ್ತಾರೆ, ಆದರೆ ಬಿಲ್ಲು ಮಾತ್ರ ರೂಮಿನವರ ಎರಡು ಚಹಾದಷ್ಟು. ಬೆಳಿಗ್ಗೆಯೇ ಹೇಳಿಡಿ, ಇಲ್ಲದಿದ್ದರೆ ಒಲೆ ಹೊತ್ತುವುದಿಲ್ಲ.

ಎರಡನೆಯದು, ಆ ಬೆಂಕಿ ಬಂದ ದಾರಿ. ಇರಾನಿನಿಂದ ಬಂದವರು ಸಂಜಾನ್‌ನಲ್ಲಿ ಅದನ್ನು ಸ್ಥಾಪಿಸಿದರು. ಸುಲ್ತಾನನ ಸೈನ್ಯಕ್ಕೆ ಸಂಜಾನ್ ಬಿದ್ದಾಗ ಬಹ್ರೋಟ್ ಗುಹೆಗಳಲ್ಲಿ ಬಚ್ಚಿಟ್ಟರು. ಆಮೇಲೆ ವಾಂಸದಾ, ನವಸಾರಿ, ಸೂರತ್, ವಲ್ಸಾಡ್ ಎಂದು ಅಲೆದು 1742ರಲ್ಲಿ ಉದ್ವಾಡಾ ಸೇರಿತು. ಸಂಜಾನ್‌ನಲ್ಲಿ ಈಗ ನೋಡಲು 1920ರ ಸ್ಮಾರಕ ಸ್ತಂಭ ಇದೆ, ಅರ್ಧ ಗಂಟೆ ಸಾಕು. ಅಲ್ಲಿ ಎಲ್ಲರೂ ಒಂದೇ ಕಥೆ ಹೇಳುತ್ತಾರೆ: ಇಲ್ಲಿ ಜಾಗವಿಲ್ಲ ಎಂದು ಅಲ್ಲಿಯ ರಾಜ ತುಂಬಿದ ಹಾಲಿನ ಪಾತ್ರೆ ಕಳಿಸಿದ, ಬಂದವರು ನಾವು ಹೀಗೆ ಬೆರೆಯುತ್ತೇವೆ ಎಂದು ಅದಕ್ಕೆ ಸಕ್ಕರೆ ಬೆರೆಸಿದರು. 1599ರಲ್ಲಿ ನವಸಾರಿಯ ಪುರೋಹಿತ ಬಹ್ಮನ್ ಕೈಕೋಬಾದ್ ಪರ್ಷಿಯನ್ ಭಾಷೆಯಲ್ಲಿ ಬರೆದ ಈ ವಲಸೆಯ ಕಾವ್ಯ ಕಿಸ್ಸಾ-ಎ-ಸಂಜಾನ್‌ನಲ್ಲಿ ಆ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ರಾಜ ಷರತ್ತು ಹಾಕುತ್ತಾನೆ: ನಿಮ್ಮ ಭಾಷೆ ಬಿಡಿ, ಆಯುಧ ಬಿಡಿ, ನಿಮ್ಮ ಹೆಂಗಸರು ಇಲ್ಲಿಯವರ ಉಡುಗೆ ಉಡಲಿ. ನನಗೆ ಈ ಕಥೆಯೇ ಹೆಚ್ಚು ನಂಬುವಂತಿದೆ.

ಒಂದೇ ದಿನ ಬಿಡುವಿದ್ದರೆ ಸಂಜಾನ್ ಬಿಟ್ಟು ನವಸಾರಿಗೆ ಹೋಗಿ. ಅಲ್ಲಿಯ ಮೆಹರ್ಜಿರಾಣಾ ಗ್ರಂಥಾಲಯದಲ್ಲಿ ಹಳೇ ಹಸ್ತಪ್ರತಿಗಳಿವೆ, ಅಕ್ಬರ್ ಕೊಟ್ಟ ಭೂದಾನದ ಸನದು ಇದೆ, ಪಾರ್ಸಿಗಳಲ್ಲದವರಿಗೂ ಬಾಗಿಲು ತೆರೆದಿದೆ. ಜಮ್ಷೆಡ್ಜಿ ಟಾಟಾ ಹುಟ್ಟಿದ ಊರೂ ಇದೇ.

ಮೊಟ್ಟೆಯನ್ನೂ ಮುಟ್ಟದವರು ವಾಪಿಯಲ್ಲೇ ಥಾಲಿ ಉಂಡು ಹೊರಡಿ.