ನಾನು ಬಣ್ಣ ಹಚ್ತಿರೋ ಹಳೇ ಕಾಲದ ಫುಟ್‌ಬಾಲ್ ಆಟಗಾರ ಸೂಟರ್ ಗೊಂಬೆ, ಅದರ ಜೆರ್ಸಿಯ ಪಟ್ಟೆ ಕೊನೆಗೂ ಕೂತ್ಕೊಂಡ್ವು!
ಪ್ರೈಮರ್ (ಬಣ್ಣಕ್ಕೆ ಮುಂಚಿನ ಲೇಪ), ಮುಖ, ಬೂಟು ಎಲ್ಲಾ ಮಾಮೂಲಿ, ಅದು ಬಿಡಿ. ಜೀವ ತಿಂದಿದ್ದು ಈ 75 ಎಂಎಂ ರೆಸಿನ್ ಗೊಂಬೆ ಮೈಮೇಲಿನ ಕಪ್ಪು-ಬಿಳಿ ಅಡ್ಡಪಟ್ಟೆ.

ಅವನ ತಂಡ, ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಅಂದ್ರೆ ನೀಲಿ-ಬಿಳಿ ತಾನೇ ಅಂತೀರ. ಹೌದು, ಆದ್ರೆ ಇದು 1882ರ ಎಫ್‌ಎ ಕಪ್ (ಇಂಗ್ಲೆಂಡಿನ ನಾಕೌಟ್ ಟೂರ್ನಿ) ಫೈನಲ್‌ನ ಫರ್ಗಸ್ ಸೂಟರ್, ಎದುರಾಳಿ ಓಲ್ಡ್ ಇಟೋನಿಯನ್ಸ್ (ಸಿರಿವಂತರ ಈಟನ್ ಶಾಲೆಯ ಹಳೇ ವಿದ್ಯಾರ್ಥಿಗಳ ತಂಡ) ಬಣ್ಣಾನೂ ಅದೇ ಥರ ಇದ್ದಿದ್ರಿಂದ ಅವತ್ತು ರೋವರ್ಸ್ ಅಡ್ಡಪಟ್ಟೆ ಹಾಕಿದ್ರು. 1-0 ಸೋತ್ರು. 1884, 85, 86 ಸಾಲಾಗಿ ಮೂರು ಸಲ ಕಪ್ ಗೆದ್ದವನನ್ನ ಸೋತ ದಿನ ಯಾಕೆ ತೋರಿಸ್ಬೇಕು? ನನಗೆ ಅವನ ಕಥೆಯೆಲ್ಲ ಇರೋದೇ ಅಲ್ಲಿ, ಸಿರಿವಂತರ ಎದುರು ಕೂಲಿ ಮಾಡಿ ಬಂದವನು. ಗ್ಲಾಸ್ಗೋದ ಕಲ್ಲುಕುಟಿಗ, 1878ರಲ್ಲಿ ಬ್ಲ್ಯಾಕ್‌ಬರ್ನ್ ಪಕ್ಕದೂರು ಡಾರ್ವೆನ್‌ಗೆ ಬಂದು ಅಲ್ಲಿನ ತಂಡ ಸೇರಿದ, ಇಂಗ್ಲೆಂಡಿನ ಕಲ್ಲು ವಿಪರೀತ ಗಟ್ಟಿ ಅಂತ ಹೇಳಿ ಉಳಿ ಸುತ್ತಿಗೆ ಕೆಳಗಿಟ್ಟ, ಆಮೇಲೆ ಹೊಟ್ಟೆಪಾಡು ಫುಟ್‌ಬಾಲೇ. ಆಡೋಕೆ ದುಡ್ಡು ತಗೊಳ್ಳೋದು 1885ರ ತನಕ ನಿಯಮಕ್ಕೆ ವಿರುದ್ಧ! 1879ರಲ್ಲಿ ಇದೇ ಇಟೋನಿಯನ್ಸ್ ಎದುರು 5-1 ಹಿಂದಿದ್ದ ಡಾರ್ವೆನ್ 5-5 ಮಾಡ್ತಲ್ಲ, ಆ ಟೀಮಲ್ಲೂ ಇವನಿದ್ದ. 1880ರಲ್ಲಿ ರೋವರ್ಸ್‌ಗೆ ಹೋದಾಗ ಡಾರ್ವೆನ್‌ನೋರು ಕೆಂಡವಾದ್ರು.

ಈಗ ಪಟ್ಟೆ ವಿಷಯ. ಕಾಲೆತ್ತಿ ಒದೆಯೋ ಭಂಗಿ, ಸೊಂಟ ತಿರುಚಿದೆ, ಬಟ್ಟೆ ತುಂಬಾ ಮಡಿಕೆ. ಮಾಸ್ಕಿಂಗ್ ಟೇಪ್ ಮಡಿಕೆಯ ಮೇಲೆ ನಿಂತ್ಬಿಡುತ್ತೆ, ಒಳಗಿಂದ ಬಣ್ಣ ನುಗ್ಗುತ್ತೆ. ಅದ್ರ ಮೇಲೆ ಅಂಗಡಿಯವನು, ಹೊಳಪಿಲ್ಲದ ಮ್ಯಾಟ್ ಕಪ್ಪು ಕೇಳಿದ್ರೆ ಹೊಳೆಯೋ ಗ್ಲಾಸಿ ಕಪ್ಪು ಕಳಿಸಿ "ಎರಡೂ ಒಂದೇ ಸಾರ್" ಅಂತಾನೆ, ಹೆಂಗ್ರೀ ಒಂದಾಗುತ್ತೆ, ಜೆರ್ಸಿ ರೇನ್‌ಕೋಟ್ ಥರ ಹೊಳೀತಿತ್ತು!

ದಾರಿ ಸಿಕ್ಕಿದ್ದು ತಮ್ಮನಿಂದ. ಅವನಿಗೆ ಪಟ್ಟೆ ಟೀಶರ್ಟ್ ಹಾಕಿಸಿ, ಒದೆಯೋ ಅಂತ ಹೇಳಿ ಸುತ್ತಲೂ ಫೋಟೋ ತೆಗ್ದೆ. ಮೈ ಬಗ್ಗಿದ ಕಡೆ ಪಟ್ಟೆ ಒತ್ತೊತ್ತಾಗಿ ಬರುತ್ತೆ, ಕೆಲವು ಮಡಿಕೆಯೊಳಗೆ ಮುಳುಗಿ ಸ್ವಲ್ಪ ಕೆಳಗೆ ಏಳುತ್ತೆ, ಎಳೆದ ಕಡೆ ದೂರ ದೂರ. ಅಂದ್ರೆ ಅಳತೆ ಹಿಡಿಬೇಕಾದ್ದು ಗಾಳಿಯಲ್ಲಿ ಅಲ್ಲ, ಬಟ್ಟೆ ಮೇಲೆ! ಒಂದು ದಾರಕ್ಕೆ ಸಮ ಅಂತರದಲ್ಲಿ ಇಂಕು ಗುರುತು ಹಾಕಿ, ಕತ್ತಿಂದ ಕೆಳಗೆ ಮಡಿಕೆಯೊಳಗೆ ಒತ್ತಿ ಒತ್ತಿ ಇಳಿಸಿ, ಎದೆ, ಬೆನ್ನು, ಎರಡು ಪಕ್ಕ ಹೀಗೆ ಚುಕ್ಕಿ ಇಟ್ಟು, ಚುಕ್ಕಿ ಸೇರಿಸ್ದೆ. ಮೊದ್ಲು ಬಿಳಿ, ಅದಕ್ಕೆ ಒಂದು ಹನಿ ಬಫ್ (ಮಾಸಲು ಹಳದಿ). ಆಮೇಲೆ ಕಪ್ಪು, ಮಡಿಕೆಯ ಉಬ್ಬಿದ ಅಂಚಿಗೆ ನೀಲಿ-ಬೂದು ಬೆರೆಸಿದ್ದು. ಏನ್ ಕಳೆ ಬಂತು ಅಂತೀರಾ!

ಈ ದಾರದ ಅಳತೆ ಕೈಗೆ ಸಿಕ್ಕಿದ್ಮೇಲೆ ಮುಂದಿನದು ಆಂಡ್ರ್ಯೂ ವಾಟ್ಸನ್, ಬೇರೆ ಮಾತೇ ಇಲ್ಲ. ಬ್ರಿಟಿಷ್ ಗಯಾನಾದಲ್ಲಿ ಹುಟ್ಟಿದ ಕಪ್ಪುವರ್ಣೀಯ ಆಟಗಾರ, 1881ರಲ್ಲಿ ಇಂಗ್ಲೆಂಡನ್ನ ಅವರ ಲಂಡನ್ನಿನ ಓವಲ್ ಮೈದಾನದಲ್ಲೇ 6-1 ಸೋಲಿಸಿದ ಸ್ಕಾಟ್ಲೆಂಡ್ ಕ್ಯಾಪ್ಟನ್. ಅವನ ಗ್ಲಾಸ್ಗೋ ತಂಡ ಕ್ವೀನ್ಸ್ ಪಾರ್ಕ್ ಜೆರ್ಸಿನೂ ಕಪ್ಪು-ಬಿಳಿ ಅಡ್ಡಪಟ್ಟೆನೇ. ಓಡೋ ಭಂಗಿಯ 75 ಎಂಎಂ ಫಿಗರ್ ಯಾರತ್ರ ಸಿಗುತ್ತೆ ಗೊತ್ತಿದ್ರೆ ಹೇಳಿ, ತೋಳು ಮುರೀದೆ ಪ್ಯಾಕ್ ಮಾಡಿ ಕಳಿಸೋರಾಗಿರ್ಬೇಕು.