ಅಕ್ಕನ ಮಕ್ಕಳಿಗೆ ವಿಜಯಪುರ ತೋರಿಸಬೇಕು

ಮೈಸೂರಿನಿಂದ ಅಕ್ಕ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದಾಳೆ, ಇರೋದು ಎರಡೇ ದಿನ. ಸುಮ್ನೆ ಎಲ್ಲಾ ಕಡೆ ಓಡಾಡಿಸಿದರೆ ಏನೂ ನೆನಪಿರಲ್ಲ, ಅಲ್ವಾ?

ಮೊದಲು ಗೋಳಗುಮ್ಮಟ, ಅದೂ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ. ಜನ ಜಾಸ್ತಿಯಾದರೆ ಮೇಲೆ ಗುಮ್ಮಟದ ಒಳಸುತ್ತಿನ ಪಿಸುಮಾತಿನ ಮೊಗಸಾಲೆಯಲ್ಲಿ ಬರೀ ಕೂಗಾಟ. ಅದಕ್ಕೇ ಮೂಲೆಯ ಗೋಪುರದ ಕಿರಿದಾದ ಮೆಟ್ಟಿಲು ಬೇಗ ಹತ್ತಬೇಕು. ಗೋಡೆಗೆ ಬಾಯಿ ಹತ್ತಿರ ಇಟ್ಟು ಮೆಲ್ಲಗೆ ಹೆಸರು ಹೇಳಿದರೆ ಎದುರು ಬದಿಯಲ್ಲಿ ಕಿವಿಯ ಪಕ್ಕದಲ್ಲೇ ಹೇಳಿದ ಹಾಗೆ ಕೇಳುತ್ತದೆ. ಮಕ್ಕಳ ಮುಖ ಆಗ ನೋಡಬೇಕು ನನಗೆ. 1656ರಲ್ಲಿ ತೀರಿಕೊಂಡ ಇಲ್ಲಿನ ಸುಲ್ತಾನ ಮೊಹಮ್ಮದ್ ಆದಿಲ್ ಶಾನ ಸಮಾಧಿ ಇದು, ಒಳಗೆ ಗುಮ್ಮಟಕ್ಕೆ ಆಸರೆಯಾಗಿ ನಡುವೆ ಒಂದು ಕಂಬವೂ ಇಲ್ಲ.

ಮಧ್ಯಾಹ್ನ ಬಿಸಿಲು. ಮನೆಗೆ ಬಂದು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.

ಸಂಜೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಎರಕ ಹೊಯ್ದದ್ದು, ಬಾಯಿ ತೆರೆದ ಸಿಂಹದ ಹಲ್ಲಿನ ನಡುವೆ ಆನೆ ಸಿಕ್ಕಿಕೊಂಡಿದೆ. ಎರಡನೇ ದಿನ ಇಡೀ ಬೆಳಿಗ್ಗೆ ಇಬ್ರಾಹಿಂ ರೋಜಾಕ್ಕೇ, ಅದು ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾನ ಸಮಾಧಿ. ನನಗೆ ಗೋಳಗುಮ್ಮಟಕ್ಕಿಂತ ಅದೇ ಜಾಸ್ತಿ ಇಷ್ಟ, ಅಲ್ಲಿನ ಕಲ್ಲಿನ ಕೆತ್ತನೆ ನೋಡಲು ಅವಸರ ಮಾಡಬಾರದು. ಬಾರಾ ಕಮಾನ್, ಅಂದರೆ ಕಟ್ಟಿ ಮುಗಿಯದೇ ಉಳಿದ ಸಮಾಧಿ, ಊರ ನಡುವೆಯೇ ಇದೆ, ರೈಲಿಗೆ ಹೋಗುವ ಮುಂಚೆ ನೋಡಿದರಾಯಿತು.