ಮೈಟ್ರಲ್ ಕವಾಟ ಕಿರಿದಾಗಿ ಎದೆಬಡಿತವೂ ತಪ್ಪಿದರೆ: ಅಸಿಟ್ರಾಮ್, ಐಎನ್‌ಆರ್ ಮತ್ತು ಸೊಪ್ಪಿನ ಸಾರು

ಚಿಕ್ಕಂದಿನಲ್ಲಿ ಗಂಟಲು ಸೋಂಕಿನ ನಂತರ ಬಂದು ಹೃದಯದ ಕವಾಟ ಕೆಡಿಸಿದ ರುಮ್ಯಾಟಿಕ್ ಜ್ವರ ಮರೆತೇ ಹೋಗಿರುತ್ತದೆ. ಎಷ್ಟೋ ವರ್ಷಗಳ ನಂತರ ಮೆಟ್ಟಿಲು ಹತ್ತುವಾಗ ಏದುಸಿರು ಬಂದು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಕಿರಿದಾಗಿರುವುದು ಗೊತ್ತಾಗುತ್ತದೆ. 4ರಿಂದ 6 ಚದರ ಸೆಂ.ಮೀ. ಇರಬೇಕಾದ ಅದರ ಬಾಯಿ 1.5 ಅಥವಾ ಅದಕ್ಕೂ ಕಡಿಮೆಯಾದರೆ ರೋಗ ತೀವ್ರ ಎಂದರ್ಥ. ರಕ್ತ ಮುಂದೆ ಸರಿಯದೆ ಎಡ ಹೃತ್ಕರ್ಣ (ಹೃದಯದ ಮೇಲಿನ ಕೋಣೆ) ಹಿಗ್ಗುತ್ತದೆ, ಹಿಗ್ಗಿದ್ದು ಲಯ ತಪ್ಪಿ ಅದುರತೊಡಗುತ್ತದೆ. ಇದೇ ಏಟ್ರಿಯಲ್ ಫಿಬ್ರಿಲೇಷನ್. ಆಗ ಹೃತ್ಕರ್ಣದ ಮೂಲೆಯ ಸಣ್ಣ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಅದರ ಚೂರು ಮಿದುಳಿಗೆ ಹೋದರೆ ಲಕ್ವ.

ವಯಸ್ಸು, ಬಿಪಿ, ಶುಗರ್ ಕೂಡಿಸಿ ಅಪಾಯ ಅಳೆಯುವ ಅಂಕಪಟ್ಟಿ ಇಲ್ಲಿ ನಡೆಯುವುದಿಲ್ಲ. 28ರ ಹೆಣ್ಣುಮಗಳಿಗೆ ಬಿಪಿ, ಶುಗರ್ ಎರಡೂ ಇಲ್ಲದಿದ್ದರೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬೇಕೇ ಬೇಕು. ಆಸ್ಪಿರಿನ್ ಅದರ ಬದಲಿಗೆ ಆಗದು.

ಪದೇ ಪದೇ ರಕ್ತಪರೀಕ್ಷೆ ಬೇಡದ ಹೊಸ ಮಾತ್ರೆ ಕೊಡಿ ಎಂದು ಬಹಳ ಮಂದಿ ಕೇಳುತ್ತಾರೆ. ಆಸೆ ಸಹಜವೇ. ಆದರೆ 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನ 24 ದೇಶಗಳ ಸುಮಾರು 4,500 ರುಮ್ಯಾಟಿಕ್ ಹೃದ್ರೋಗಿಗಳಲ್ಲಿ ಹೊಸ ಮಾತ್ರೆಗಳಲ್ಲೊಂದಾದ ರಿವರಾಕ್ಸಬಾನನ್ನು ವಾರ್ಫರಿನ್ ಗುಂಪಿನ ಹಳೆಯ ಮಾತ್ರೆಗಳ ಜೊತೆ ಹೋಲಿಸಿ ನೋಡಿತು. ಹಳೆಯ ಮಾತ್ರೆ ತೆಗೆದುಕೊಂಡವರಲ್ಲೇ ಸಾವು ಕಡಿಮೆ, ರಕ್ತಸ್ರಾವವೇನೂ ಹೆಚ್ಚಿರಲಿಲ್ಲ. ಲೋಹದ ಕವಾಟ ಹಾಕಿಸಿಕೊಂಡವರಿಗಂತೂ ಹೊಸ ಮಾತ್ರೆ ಸಲ್ಲದು.

ಹಾಗಾಗಿ ವಾರ್ಫರಿನ್ ಅಥವಾ ಅದೇ ಗುಂಪಿನ ಅಸಿಟ್ರಾಮ್, ಜೊತೆಗೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ರಕ್ತಪರೀಕ್ಷೆ ಐಎನ್‌ಆರ್. ಅಂಕಿ ಏರಿದಷ್ಟೂ ರಕ್ತ ತಡವಾಗಿ ಹೆಪ್ಪುಗಟ್ಟುತ್ತದೆ. ಕಿರಿದಾದ ಕವಾಟಕ್ಕೆ ಗುರಿ 2ರಿಂದ 3. ಮೈಟ್ರಲ್ ಜಾಗದಲ್ಲಿ ಲೋಹದ ಕವಾಟವಿದ್ದರೆ 2.5ರಿಂದ 3.5. ಮಾತ್ರೆಯನ್ನು ಸಂಜೆ ಒಂದೇ ಹೊತ್ತಿಗೆ ನುಂಗಿ. ಬೆಳಿಗ್ಗೆ ಕೊಟ್ಟ ರಕ್ತದ ವರದಿ ನೋಡಿ ಅಂದಿನ ಡೋಸನ್ನೇ ಬದಲಿಸಬಹುದು. ಡೋಸ್ ಬದಲಾದರೆ ವಾರದೊಳಗೆ ಮತ್ತೆ ಪರೀಕ್ಷೆ. ಸ್ಥಿರವಾದ ಮೇಲೆ ತಿಂಗಳಿಗೊಮ್ಮೆ. ‘ದಿನಕ್ಕೆ ಎರಡು ಮಾತ್ರೆ’ ಎಂದು ಬರೆದಿಟ್ಟುಕೊಳ್ಳಬೇಡಿ, ಮಿಲಿಗ್ರಾಂ ಬರೆಯಿರಿ. ಅಸಿಟ್ರಾಮ್ 1 ಮಿ.ಗ್ರಾಂ.ನಲ್ಲೂ ಬರುತ್ತದೆ, 4ರಲ್ಲೂ ಬರುತ್ತದೆ. ಒಂದು ದಿನ ಮರೆತರೆ ಅಂದೇ ರಾತ್ರಿಯೊಳಗೆ ತೆಗೆದುಕೊಳ್ಳಿ. ಮರುದಿನ ಎರಡು ಪಟ್ಟು ನುಂಗಬಾರದು.

ರಕ್ತ ತೆಗೆಯುವಾಗ ನೀಲಿ ಮುಚ್ಚಳದ ಟ್ಯೂಬನ್ನು ಗಮನಿಸಿ. ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ಇಡುವ ಸಿಟ್ರೇಟ್ 0.3 ಮಿ.ಲೀ. ಇದ್ದರೆ ರಕ್ತ 2.7 ಮಿ.ಲೀ. ಬೀಳಬೇಕು. ಗೆರೆ ಮುಟ್ಟದಿದ್ದರೆ ಐಎನ್‌ಆರ್ ಸುಳ್ಳೇ ಏರಿ ಕಾಣುತ್ತದೆ, ಅದನ್ನು ನಂಬಿ ಡೋಸ್ ಇಳಿಸಿದರೆ ಹೆಪ್ಪಿಗೆ ದಾರಿ. ವರದಿ ಅನಿರೀಕ್ಷಿತವಾಗಿ ಹೆಚ್ಚಿದ್ದು ಎಲ್ಲೂ ರಕ್ತ ಸೋರುತ್ತಿಲ್ಲವಾದರೆ ಅದೇ ದಿನ ಮತ್ತೊಮ್ಮೆ ಪರೀಕ್ಷಿಸಲು ಕೇಳಿ.

ಸೊಪ್ಪು ಬಿಡಬೇಕೆಂಬ ಮಾತು ಸರಿಯಲ್ಲ. ನುಗ್ಗೆ, ಪಾಲಕ್, ದಂಟಿನ ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಗೆ ಎದುರಾಗಿ ಕೆಲಸ ಮಾಡುವುದು ನಿಜ. ವಾರಕ್ಕೆರಡು ಸಲ ಬಸ್ಸಾರು ಉಣ್ಣುವವರು ಹಾಗೇ ಉಣ್ಣಲಿ, ಅದಕ್ಕೆ ತಕ್ಕಂತೆ ಡೋಸ್ ಹೊಂದಿಸಬಹುದು. ಒಮ್ಮೆಲೇ ಬಿಟ್ಟರೆ ಐಎನ್‌ಆರ್ ಏರುತ್ತದೆ, ಒಮ್ಮೆಲೇ ಹೆಚ್ಚಿಸಿದರೆ ಇಳಿಯುತ್ತದೆ.

ಸೊಪ್ಪಿಗಿಂತ ಹೆಚ್ಚು ಹೆದರಬೇಕಾದ್ದು ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆಗಳಿಗೆ. ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್, ಫ್ಲುಕೊನಜೋಲ್ ಐಎನ್‌ಆರ್ ಏರಿಸುತ್ತವೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಜೋರಾಗಿ ಇಳಿಸುತ್ತದೆ, ಅದನ್ನು ನಿಲ್ಲಿಸಿದ ಮೇಲೆ ಕೆಲವು ವಾರ ಬಿಟ್ಟು ಮತ್ತೆ ಏರುತ್ತದೆ. ನೋವಿನ ಮಾತ್ರೆಗಳಾದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಹೊಟ್ಟೆಯಲ್ಲಿ ರಕ್ತಸ್ರಾವ ತರುತ್ತವೆ. ಮೈಕೈ ನೋವಿಗೆ ಸೊಂಟಕ್ಕೆ ಇಂಜೆಕ್ಷನ್ ಬೇಡ. ರುಮ್ಯಾಟಿಕ್ ಜ್ವರ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಪಡೆಯುವ ಪೆನ್ಸಿಲಿನ್ ಇಂಜೆಕ್ಷನ್ ಮಾತ್ರ ಬೇರೆ ಮಾತು. ಅದನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ. ಚುಚ್ಚಿದ ಜಾಗವನ್ನು ಬಹಳ ಹೊತ್ತು ಒತ್ತಿ ಹಿಡಿಯಿರಿ.

ಮುಟ್ಟು ನಿಂತರೆ ತಡಮಾಡದೆ ಪರೀಕ್ಷಿಸಿ ವೈದ್ಯರಿಗೆ ತಿಳಿಸಿ. ಗರ್ಭದ 6ರಿಂದ 12ನೇ ವಾರದಲ್ಲಿ ವಾರ್ಫರಿನ್, ಅಸಿಟ್ರಾಮ್ ಮಗುವಿಗೆ ಹಾನಿ ಮಾಡಬಲ್ಲವು. ತಾವಾಗಿಯೇ ನಿಲ್ಲಿಸಿದರೆ ತಾಯಿಗೆ ಅಪಾಯ.

ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಅಥವಾ ಒಂದು ಕಾಲು ಇದ್ದಕ್ಕಿದ್ದಂತೆ ನೋವೆದ್ದು ತಣ್ಣಗಾದರೆ 108ಕ್ಕೆ ಕರೆ ಮಾಡಿ. ಸಮಯ ನೋಡಿಟ್ಟುಕೊಂಡು ಐಎನ್‌ಆರ್ ಪುಸ್ತಕ ಜೊತೆಗೊಯ್ಯಿರಿ. ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ನಾಲ್ಕೂವರೆ ಗಂಟೆ, ಐಎನ್‌ಆರ್ 1.7 ಮೀರಿದ್ದರೆ ಅದನ್ನು ಕೊಡುವುದಿಲ್ಲ. ಆಗ ತೊಡೆಯ ರಕ್ತನಾಳದಿಂದ ಕ್ಯಾಥೆಟರ್ ಎಂಬ ತೆಳು ಕೊಳವೆ ಹಾಯಿಸಿ ಹೆಪ್ಪು ತೆಗೆಯುವ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು.